‘ಸೂಪರ್’ ಅಂದುಬಿಟ್ಟರೆ ಆಯಿತೇ?

ನಮ್ಮ ಮನೆಯ ನಡುಕೋಣೆಯಲ್ಲಿ ಈಗ ಒಂದು ಹೊಸ ಪೆಟ್ಟಿಗೆ ಬಂದು ಕೂತಿದೆ. ಒಂದೂವರೆ ಅಡಿ ಎತ್ತರ, ಒಂದು ಮಗ್ಗುಲಿಗೆ ಗಾಜು, ಒಳಗೆ ಬಣ್ಣಬಣ್ಣದ ದೀಪ. ಮೊದಲ ದಿನ ಅದು ಹೊತ್ತಿಕೊಂಡಾಗ ನಮ್ಮವಳು ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಬಂದು, “ಇದೇನ್ರೀ, ಜಾತ್ರೆಯ ತೇರಿನ ಥರ ಇದೆ!” ಅಂದಳು.

ತೇರು ಕಟ್ಟಿದವಳು ನನ್ನ ಮೊಮ್ಮಗಳು. ನಾವೆಲ್ಲ ‘ಪುಟ್ಟಿ’ ಅಂತ ಕರೆಯುತ್ತೇವೆ, ಈ ವರ್ಷ ಮೊದಲ ಪಿಯುಸಿ. ಅಂಗಡಿಯಿಂದ ಸಿದ್ಧ ಕಂಪ್ಯೂಟರ್ ತರದೆ, ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ, ತಾನೇ ಜೋಡಿಸಿ, ಆಟ ಆಡುವ ಕಂಪ್ಯೂಟರ್ ಮಾಡಬೇಕು ಅನ್ನುವುದು ಅವಳಿಗೆ ಎಂಟನೇ ತರಗತಿಯಿಂದ ಹತ್ತಿದ ಹುಚ್ಚು. ಯುಗಾದಿ, ದೀಪಾವಳಿಗೆ ಕೈಗೆ ಬಂದ ದುಡ್ಡು, ಹುಟ್ಟುಹಬ್ಬಕ್ಕೆ ಅತ್ತೆ ಮಾವಂದಿರು ಕೊಟ್ಟಿದ್ದು, ಪಕ್ಕದ ಬೀದಿಯ ನಾಲ್ಕು ಮಕ್ಕಳಿಗೆ ಗಣಿತ ಹೇಳಿಕೊಟ್ಟು ಬಂದಿದ್ದು, ಎಲ್ಲವನ್ನೂ ಒಂದು ಬೋರ್ನ್‌ವಿಟಾ ಡಬ್ಬದಲ್ಲಿ ಕೂಡಿಟ್ಟಿದ್ದಳು. ಮಾನಿಟರ್ ಸೇರಿ ಬೇಕಿದ್ದದ್ದು ₹64,000. ಹನ್ನೆರಡು ಸಾವಿರ ಕಡಿಮೆ ಬಿತ್ತು. ಅದನ್ನು ನನ್ನ ಪಿಂಚಣಿಯಿಂದ ಕೊಟ್ಟೆ. ಅವಳ ಅಮ್ಮ, ಅಂದರೆ ನನ್ನ ಸೊಸೆ, ಅರೆಮನಸ್ಸಿನಿಂದ ಒಪ್ಪಿಕೊಂಡಳು. “ಒಂದು ಮಾರ್ಕು ಕಡಿಮೆಯಾದರೂ ಆ ಪೆಟ್ಟಿಗೆ ಮಾರಿಬಿಡ್ತೀನಿ” ಅಂತ ಮೊದಲೇ ಹೇಳಿಟ್ಟಳು.

ಹಾಗೆ ಒಂದು ಶನಿವಾರ ತುಮಕೂರಿನಿಂದ ಬೆಳಗಿನ ರೈಲು ಹತ್ತಿ ತಾತ ಮೊಮ್ಮಗಳು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಸಾದರ ಪತ್ರಪ್ಪ ರಸ್ತೆ ಅಂತ ಅದರ ಪೂರ್ತಿ ಹೆಸರು. ಇಕ್ಕಟ್ಟಾದ ರಸ್ತೆ, ಎರಡೂ ಕಡೆ ಸಾಲು ಸಾಲು ಕಂಪ್ಯೂಟರ್ ಅಂಗಡಿ, ನಡುವೆ ರಟ್ಟಿನ ಡಬ್ಬ ಹೇರಿಕೊಂಡ ಕೈಗಾಡಿಗಳು. ನಾನು ತರಕಾರಿಗೆ ಚೌಕಾಸಿ ಮಾಡಿ ಗೊತ್ತಿದ್ದವನು. ಅಲ್ಲಿ ಪುಟ್ಟಿ ನೋಟ್‌ಬುಕ್ ತೆರೆದು ಆರು ಅಂಗಡಿಯ ಬೆಲೆ ಬರೆದುಕೊಂಡು, ಏಳನೇ ಅಂಗಡಿಯಲ್ಲಿ ಮಾಡಿದ ಚೌಕಾಸಿ ನೋಡಿ ಬೆರಗಾದೆ.

ನನ್ನಂಥ ಹಿರಿಯರಿಗಾಗಿ ಆ ಭಾಗಗಳ ಬಗ್ಗೆ ಎರಡು ಮಾತು. ಲೆಕ್ಕ ಮಾಡುವ ತಲೆ ಪ್ರೊಸೆಸರ್. ಇವಳು ಕೊಂಡದ್ದು ರೈಜೆನ್ 5 5600, ಅದರೊಳಗೆ ಆರು ಕೋರ್. ಚಿತ್ರ ಬಿಡಿಸುವ ಕೆಲಸಕ್ಕೇ ಬೇರೆ ಒಂದು ಗ್ರಾಫಿಕ್ಸ್ ಕಾರ್ಡು, ರೇಡಿಯಾನ್ ಆರ್‌ಎಕ್ಸ್ 6600. ಆಟದ ಕಂಪ್ಯೂಟರಿನಲ್ಲಿ ಹೆಚ್ಚು ದುಡ್ಡು ತಿನ್ನುವುದು ಇದೇ. ತಕ್ಷಣದ ನೆನಪಿಗೆ ರ‍್ಯಾಮ್ ಪಟ್ಟಿ ಎರಡು, ತಲಾ 8 ಜಿಬಿ. ಬಹುಕಾಲದ ನೆನಪಿಗೆ ಎಸ್‌ಎಸ್‌ಡಿ. ಎಲ್ಲರನ್ನೂ ಒಟ್ಟಿಗೆ ಕೂರಿಸುವ ಹಲಗೆ ಮದರ್‌ಬೋರ್ಡು. ಇನ್ನು ಎಸ್‌ಎಂಪಿಎಸ್ ಅನ್ನುವ ಡಬ್ಬವೊಂದಿದೆ. ಗೋಡೆಯ 230 ವೋಲ್ಟ್ ತೆಗೆದುಕೊಂಡು ಒಳಗಿನವರಿಗೆ 12, 5, 3.3 ವೋಲ್ಟ್ ಮಾಡಿ ಹಂಚುವುದು ಅದರ ಕೆಲಸ. ಅದನ್ನು ಕೇಳಿದಾಗ ನನಗೆ ಖುಷಿಯಾಯಿತು. ಯಾಕೆಂದರೆ ನಾನು 36 ವರ್ಷ ವಿದ್ಯುತ್ ಇಲಾಖೆಯಲ್ಲಿ ದುಡಿದವನು. ಲೈನ್‌ಮನ್ ಆಗಿ ಕೆ.ಇ.ಬಿ. ಸೇರಿದವನು.

ಮಾರನೆಯ ದಿನ ಭಾನುವಾರ ಊಟದ ಮೇಜಿನ ಮೇಲೆ ಜೋಡಣೆ. ಏಳು ಗಂಟೆ ಹಿಡಿಯಿತು. ರ‍್ಯಾಮ್ ಮುಟ್ಟುವ ಮುಂಚೆ ಪ್ರತಿ ಸಲವೂ ಪೆಟ್ಟಿಗೆಯ ಬರಿಯ ಲೋಹ ಮುಟ್ಟುತ್ತಿದ್ದಳು, ಮೈಮೇಲಿನ ಸ್ಥಾಯೀ ವಿದ್ಯುತ್ತು ಇಳಿದುಹೋಗಲಿ ಅಂತ. ಪ್ಲಗ್ ಹಾಕುವ ಹೊತ್ತಿಗೆ ಗೋಡೆಯ ಸಾಕೆಟ್ ದೂರ ಬಿತ್ತು. ನಾನು ಅಟ್ಟ ಹತ್ತಿ ನನ್ನ ಹಳೆಯ ಎಕ್ಸ್‌ಟೆನ್ಷನ್ ಪೆಟ್ಟಿಗೆ ಹುಡುಕಿ ತಂದುಕೊಟ್ಟೆ. ಸ್ವಿಚ್ ಒತ್ತಿದಳು. ಫ್ಯಾನುಗಳು ತಿರುಗಿದವು, ದೀಪ ಹತ್ತಿತು, ಪರದೆಯ ಮೇಲೆ ಅಕ್ಷರ ಬಂತು. ಅವಳು ಕುಣಿದಳು, ನಾನೂ ಕುಣಿದೆ.

“ಹೇಗಿದೆ ತಾತ?”

“ಸೂಪರ್!”

ಅಜ್ಜಿ ಸೂಪರ್ ಅಂದಳು. ಅಪ್ಪ ಫೋನು ಮಾಡಿ ಸೂಪರ್ ಅಂದ. ಫೋಟೋ ನೋಡಿದ ಅತ್ತೆ ಮೂರು ಸಲ ಸೂಪರ್ ಅಂದಳು. ಮೆಚ್ಚಿದವರಲ್ಲಿ ಒಬ್ಬರಿಗೂ ಒಳಗಿರುವುದು ಏನೆಂದು ಗೊತ್ತಿರಲಿಲ್ಲ.

ಹತ್ತು ದಿನ ಕಳೆಯಿತು. ಪುಟ್ಟಿಯ ಮುಖ ಯಾಕೋ ಸಪ್ಪಗಿತ್ತು. ಕೇಳಿದರೆ “ಏನಿಲ್ಲ ತಾತ” ಅನ್ನುತ್ತಿದ್ದಳು. ಎದುರುಮನೆಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಇದ್ದಾನೆ. ಅವಳೇ ಅವನನ್ನು ಕರೆತಂದಳು. “ಅಣ್ಣಾ, ನೋಡಿ ಹೇಗಿದೆ ಹೇಳಿ” ಅಂದಳು. ಅವನು ಗಾಜಿನಾಚೆಯಿಂದಲೇ ಇಣುಕಿ, “ಅಯ್ಯೋ, ಎಎಂ4 ಬೋರ್ಡಾ? ಅದು ಮುಗಿದ ಕಥೆ. ಇನ್ನೊಂದು ಹತ್ತು ಸಾವಿರ ಹಾಕಿ ಒಳ್ಳೇ ಕಾರ್ಡ್ ತಗೋಬಾರದಿತ್ತಾ? ಕೇಬಲ್ ಎಲ್ಲ ನೂಡಲ್ಸ್ ಥರ ಇದೆ. ದುಡ್ಡು ದಂಡ ಮಾಡ್ಕೊಂಡೆ ಬಿಡು” ಅಂದ. ಕಾಫಿ ಕುಡಿದು ಹೋದ.

ಆ ರಾತ್ರಿ ಪೆಟ್ಟಿಗೆಯ ಮೇಲೆ ಹಳೆಯ ಬೆಡ್‌ಶೀಟು ಬಿತ್ತು. ಮೂರು ದಿನ ಯಾರೂ ಅದನ್ನು ತೆಗೆಯಲಿಲ್ಲ. ಮೂರನೆಯ ದಿನ ಸೊಸೆ, “ಬೇಡದಿದ್ದರೆ ಈಗಲೇ ಮಾರಿಬಿಡೋಣ, ಅರ್ಧ ದುಡ್ಡಾದರೂ ಬರುತ್ತೆ” ಅಂದಾಗ ಪುಟ್ಟಿ ಬೇಡ ಅನ್ನಲಿಲ್ಲ. ನನಗೆ ಹೆದರಿಕೆಯಾದದ್ದು ಆಗ. ಮೂರು ವರ್ಷ ಕೂಡಿಟ್ಟ ಹುಡುಗಿ ಮೂರು ದಿನಕ್ಕೆ ಬಿಟ್ಟುಕೊಡುತ್ತಿದ್ದಾಳೆ.

ಊಟವಾದ ಮೇಲೆ ಅವಳನ್ನು ಜಗುಲಿಯ ಮೇಲೆ ಕೂರಿಸಿಕೊಂಡು ನನ್ನ ಕಥೆ ಹೇಳಿದೆ. ನಾನು ಕೆಲಸಕ್ಕೆ ಸೇರಿದ ಹೊಸತು. ಗುಬ್ಬಿ ಕಡೆಯ ಒಂದು ಹಳ್ಳಿಗೆ ಲೈನ್ ಎಳೆಯುತ್ತಿದ್ದೆವು. ಕಂಬ ಹತ್ತಿ, ಪಿಂಗಾಣಿಗೆ ತಂತಿ ಬಿಗಿದು, ಇಳಿದು ಬಂದು ಹೆಮ್ಮೆಯಿಂದ ನಿಂತೆ. ನಮ್ಮ ಮೇಸ್ತ್ರಿ ಒಂದು ಮಾತೂ ಆಡದೆ ತಾವೇ ಮೇಲೆ ಹತ್ತಿ, ನಾನು ಬಿಗಿದ ತಂತಿಯನ್ನು ಎಳೆದು ನೋಡಿದರು. ಸಡಿಲಾಯಿತು. “ಬಾರೋ ಮೇಲೆ, ಎಲ್ಲಿ ಸಡಿಲಾಯ್ತು ನೀನೇ ನೋಡು” ಅಂದರು. ಬೈಯಲಿಲ್ಲ. ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದೆ. ನಾಲ್ಕನೇ ಸಲ ಎಳೆದಾಗ ತಂತಿ ಅಲ್ಲಾಡಲಿಲ್ಲ. “ಹ್ಞಾಂ, ಈಗ ಇದರ ಕೆಳಗೆ ಮಕ್ಕಳು ಓಡಾಡಬಹುದು” ಅಂದರು.

“ಎದುರುಮನೆ ಅಣ್ಣನೂ ಎಳೆದು ನೋಡಿದ್ದೇ ಅಲ್ವಾ ತಾತ?” ಅಂದಳು ಪುಟ್ಟಿ.

“ಅವನು ಕಂಬದ ಕೆಳಗೇ ನಿಂತು ಸಡಿಲ ಅಂದ ಕಣೇ. ಹತ್ತಲೂ ಇಲ್ಲ, ಎಲ್ಲಿ ಅಂತ ತೋರಿಸಲೂ ಇಲ್ಲ. ನಾನಂತೂ ಕೆಳಗೆ ನಿಂತು ಚಪ್ಪಾಳೆ ತಟ್ಟಿದೆ. ಹತ್ತಿ ನೋಡುವವರ ಹತ್ತಿರ ಹೋಗೋಣ ನಡಿ.”

ನಮ್ಮ ಬಡಾವಣೆಯ ಕೊನೆಯಲ್ಲಿ ಕಂಪ್ಯೂಟರ್ ರಿಪೇರಿಯ ಪುಟ್ಟ ಅಂಗಡಿಯಿದೆ. ಮೂವತ್ತರ ಆಸುಪಾಸಿನ ಯುವಕ, ಒಬ್ಬನೇ ಕೂತು ಕೆಲಸ ಮಾಡುತ್ತಾನೆ. ಪೆಟ್ಟಿಗೆಯನ್ನು ಅದೇ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ಮಲಗಿಸಿಕೊಂಡು ಹೋದೆವು. ಅವನು ಮೊದಲು ಮಾಡಿದ ಕೆಲಸ ಪ್ರಶ್ನೆ ಕೇಳಿದ್ದು. ಯಾವ ಆಟ ಆಡ್ತೀಯ? ಯಾವಾಗ ತೊಡಕು? ಶುರುವಿಂದಲೋ, ಅರ್ಧ ಗಂಟೆ ಆದ ಮೇಲೋ? ಒಟ್ಟು ಎಷ್ಟು ದುಡ್ಡಿತ್ತು? ಪುಟ್ಟಿ ನೋಟ್‌ಬುಕ್ ಕೊಟ್ಟಳು. ಕಾರಿನ ರೇಸಿನಲ್ಲಿ ಅರ್ಧ ಗಂಟೆಯ ನಂತರ ಚಿತ್ರ ತಡವರಿಸುತ್ತದೆ, ಪೆಟ್ಟಿಗೆ ಬಿಸಿಯಾಗುತ್ತದೆ, ಫ್ಯಾನು ಕಿರುಚುತ್ತದೆ ಅಂದಳು. ನನಗೆ ಇದೊಂದೂ ಗೊತ್ತಿರಲಿಲ್ಲ.

ಆಮೇಲೆ ಅವನು ಸ್ಕ್ರೂಡ್ರೈವರ್ ಅವಳ ಕೈಗೇ ಕೊಟ್ಟ. “ಕಟ್ಟಿದವಳು ನೀನು, ಬಿಚ್ಚೋದೂ ನೀನೇ.” ತನ್ನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಮೊದಲು ಸರಿಯಾಗಿರುವುದನ್ನು ಹೇಳಿದ. “ಎಸ್‌ಎಂಪಿಎಸ್ ಒಳ್ಳೇದು ತಗೊಂಡಿದ್ದೀಯ. ತುಂಬಾ ಜನ ಅಲ್ಲೇ ದುಡ್ಡು ಉಳಿಸೋಕೆ ಹೋಗಿ ಎಲ್ಲ ಸುಟ್ಕೊಳ್ತಾರೆ. ಎಎಂ4 ಹಳೇದು ಅನ್ನೋದು ನಿಜ, 2022ರಲ್ಲೇ ಎಎಂ5 ಬಂತು. ಆದರೆ ಅದನ್ನ ತಗೊಂಡಿದ್ರೆ ಬೋರ್ಡಿಗೂ ಹೊಸ ಥರದ ರ‍್ಯಾಮಿಗೂ ಜಾಸ್ತಿ ಹೋಗಿ, ನಿನ್ನ ದುಡ್ಡಲ್ಲಿ ಈ ಕಾರ್ಡ್ ಬರ್ತಿರಲಿಲ್ಲ. ಆಟಕ್ಕೆ ಕಾರ್ಡ್ ಮುಖ್ಯ. ನೀನು ಮಾಡಿದ್ದು ಸರಿ.” ಪುಟ್ಟಿಯ ಬೆನ್ನು ನೆಟ್ಟಗಾಯಿತು.

“ಈಗ ಸರಿಯಿಲ್ಲದ್ದು ನೋಡೋಣ” ಅಂದ. ಅವಳು ಪೆನ್ನು ತೆಗೆದಳು. ಮಕ್ಕಳೇ, ನಾಳೆ ನಿಮ್ಮ ಮನೆಯಲ್ಲೂ ಒಂದು ಪೆಟ್ಟಿಗೆ ಕಟ್ಟುವುದಿದ್ದರೆ ಬರೆದಿಟ್ಟುಕೊಳ್ಳಿ.

ಒಂದು, ರ‍್ಯಾಮ್ ಪಟ್ಟಿಗಳ ಜಾಗ. ಬೋರ್ಡಿನಲ್ಲಿ ನಾಲ್ಕು ಸೀಳು ಇದ್ದವು. ಇವಳು ಎರಡನ್ನೂ ಅಕ್ಕಪಕ್ಕ ಕೂರಿಸಿದ್ದಳು. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದು, ಹೀಗೆ ಬಿಟ್ಟು ಬಿಟ್ಟು ಕೂರಿಸಿದರೆ ಎರಡು ದಾರಿಯಲ್ಲಿ ಒಟ್ಟಿಗೆ ಮಾಹಿತಿ ಓಡಾಡುತ್ತದೆ. ಅಕ್ಕಪಕ್ಕ ಕೂರಿಸಿದರೆ ಒಂದೇ ದಾರಿ. ಕೆಲಸ ನಡೆಯುತ್ತದೆ, ಆದರೆ ನಿಧಾನ.

ಎರಡು, ರ‍್ಯಾಮಿನ ವೇಗ. ಡಬ್ಬದ ಮೇಲೆ 3200 ಅಂತ ಇತ್ತು, ಓಡುತ್ತಿದ್ದದ್ದು 2400ರಲ್ಲಿ. ಬಯಾಸ್ ಅನ್ನುವ ಒಳಕೋಣೆಗೆ ಹೋಗಿ ಎಕ್ಸ್‌ಎಂಪಿ ಅನ್ನುವುದನ್ನು ನಾವೇ ಆನ್ ಮಾಡಬೇಕು.

ಮೂರು, ಮುಂದಿನ ಫ್ಯಾನುಗಳು. “ಮನೇಲಿ ಊದುಬತ್ತಿ ಇದೆ ತಾನೆ? ಹಚ್ಚಿ ಹತ್ತಿರ ಹಿಡಿದು ನೋಡು” ಅಂದ. ತನ್ನ ಗಲ್ಲಾದ ಪಕ್ಕದ ದೇವರ ಪಟದ ಮುಂದಿದ್ದ ಊದುಬತ್ತಿಯನ್ನೇ ತಂದ. ಮುಂದಿನಿಂದ ಹೊಗೆ ಒಳಗೆ ಹೋಗಬೇಕಿತ್ತು, ನಮ್ಮ ಮುಖಕ್ಕೇ ಬಂತು. ಮುಂದಿನದೂ ಹಿಂದಿನದೂ ಎಲ್ಲ ಫ್ಯಾನು ಗಾಳಿಯನ್ನು ಹೊರಗೇ ನೂಕುತ್ತಿದ್ದವು. ಫ್ಯಾನಿನ ಹಿಂದೆ ಅಡ್ಡಪಟ್ಟಿಗಳಿರುವ ಕಡೆಯಿಂದ ಗಾಳಿ ಹೊರಬರುತ್ತದೆ, ತೆರೆದ ಮುಖದ ಕಡೆಯಿಂದ ಒಳಗೆ ಹೋಗುತ್ತದೆ. ಪುಟ್ಟಿ ಅದನ್ನು ತಿರುವುಮುರುವು ಮಾಡಿದ್ದಳು.

ನಾಲ್ಕು, ಮಾನಿಟರ್. “ಎಷ್ಟು ಹರ್ಟ್ಸ್‌ದು?” “144 ಅಣ್ಣ.” “ಸೆಟ್ಟಿಂಗ್ಸಲ್ಲಿ 144 ಮಾಡಿದ್ದೀಯಾ?” ಅವಳು ತುಟಿ ಕಚ್ಚಿದಳು. ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲ ಪರದೆ ತಂದು, ತಾನೇ ಬಂದ 60ರಲ್ಲೇ ಬಿಟ್ಟಿದ್ದಳು.

“ನೋಡು, ನಾಲ್ಕು ತಪ್ಪು, ನಾಲ್ಕಕ್ಕೂ ಖರ್ಚು ಸೊನ್ನೆ ರೂಪಾಯಿ” ಅಂದ ಯುವಕ. ಪುಟ್ಟಿ ಎಷ್ಟೋ ದಿನದ ಮೇಲೆ ನಕ್ಕಳು. ನಾನು ಜೇಬಿಗೆ ಕೈ ಹಾಕಿ, “ನಿನ್ನ ಫೀಸು ಎಷ್ಟಪ್ಪ?” ಅನ್ನುವಷ್ಟರಲ್ಲಿ ಅವನು ಇನ್ನೊಂದು ಕೇಳಿದ:

“ಮನೇಲಿ ಪೆಟ್ಟಿಗೆ ಮುಟ್ಟಿದರೆ ಕೈಗೆ ಜುಮ್ ಅನ್ನುತ್ತಾ?”

ಪುಟ್ಟಿ ನನ್ನ ಮುಖ ನೋಡಿದಳು. ಸ್ವಲ್ಪ ಹೊತ್ತು ಬಿಟ್ಟು, “ಹ್ಞೂಂ. ಹಿಂದುಗಡೆ ಸ್ಕ್ರೂ ಹತ್ರ ಮುಟ್ಟಿದ್ರೆ ಅನ್ನುತ್ತೆ. ಬರಿಗಾಲಲ್ಲಿದ್ರೆ ಜಾಸ್ತಿ” ಅಂದಳು.

ನನ್ನ ಎದೆ ಧಸಕ್ಕೆಂದಿತು. ಮೂವತ್ತಾರು ವರ್ಷ ಊರ ಜನರಿಗೆ “ಅರ್ಥಿಂಗ್ ನೋಡ್ಕೊಳ್ಳಿ” ಅಂತ ಹೇಳಿಕೊಂಡು ತಿರುಗಿದವನು ನಾನು. ನನ್ನ ಮನೆಯಲ್ಲೇ, ನನ್ನ ಮೊಮ್ಮಗಳ ಕೈಗೆ!

“ಯಾಕೆ ಹೇಳಲಿಲ್ಲ ಪುಟ್ಟೀ?”

“ಶಾಕ್ ಹೊಡೀತಿದೆ ಅಂದ್ರೆ ಅಮ್ಮ ಮಾರಿಬಿಡ್ತಾಳೆ. ಆಮೇಲೆ... ನೀನು ಎಲ್ಲ ಸೂಪರ್ ಅಂದಿದ್ದೆ ಅಲ್ವಾ ತಾತ. ಕರೆಂಟಿನ ವಿಷಯ ನಿನಗಿಂತ ಯಾರಿಗೆ ಗೊತ್ತು? ನನ್ನದೇ ಭ್ರಮೆ ಅನ್ಕೊಂಡೆ.”

ನಾನೇನು ಹೇಳಲಿ? ಮನೆಗೆ ಬಂದವನೇ ನೇರ ಆ ಎಕ್ಸ್‌ಟೆನ್ಷನ್ ಪೆಟ್ಟಿಗೆ ಬಿಚ್ಚಿದೆ. ಎಷ್ಟೋ ವರ್ಷದ ಕೆಳಗೆ ಗಣೇಶನ ಹಬ್ಬದ ಸೀರಿಯಲ್ ಸೆಟ್ಟಿಗೆಂದು ನಾನೇ ಮಾಡಿದ್ದ ಪೆಟ್ಟಿಗೆ. ಮೇಲೆ ಮೂರು ತೂತಿನ ಸಾಕೆಟ್ಟು, ಒಳಗೆ ಎರಡೇ ತಂತಿ! ಸಣ್ಣ ದೀಪಗಳಿಗೆ ಎರಡು ಸಾಕಾಗಿತ್ತು, ಕೈಗೆ ಸಿಕ್ಕಿದ ವೈರು ಹಾಕಿ ಮರೆತುಬಿಟ್ಟಿದ್ದೆ. ಮೂರನೆಯ ತೂತು ಬರೀ ಅಲಂಕಾರ.

ಮೂರು ಪಿನ್ನಿನ ಪ್ಲಗ್ಗನ್ನು ನೋಡಿದ್ದೀರಲ್ಲ ಮಕ್ಕಳೇ? ಒಂದು ಪಿನ್ನು ಮಿಕ್ಕ ಎರಡಕ್ಕಿಂತ ದಪ್ಪ, ಉದ್ದ. ಅದೇ ಅರ್ಥ್ ಪಿನ್ನು. ಉದ್ದ ಯಾಕೆಂದರೆ, ಪ್ಲಗ್ ಹಾಕುವಾಗ ಎಲ್ಲಕ್ಕಿಂತ ಮೊದಲು ಅದು ತಾಗಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ಎಸ್‌ಎಂಪಿಎಸ್ ಒಳಗೆ ಗದ್ದಲ ಸೋಸುವ ಪುಟ್ಟ ಕೆಪಾಸಿಟರುಗಳು ಕರೆಂಟಿನ ತಂತಿಗಳಿಗೂ ಲೋಹದ ಮೈಗೂ ನಡುವೆ ಇರುತ್ತವೆ. ಅವುಗಳಿಂದ ಒಂದಿಷ್ಟೇ ಇಷ್ಟು ವಿದ್ಯುತ್ತು ಮೈಗೆ ಬರುತ್ತದೆ. ಅರ್ಥ್ ತಂತಿ ಇದ್ದರೆ ಅದು ಸದ್ದಿಲ್ಲದೆ ಭೂಮಿಗೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಪೆಟ್ಟಿಗೆಯ ಮೈಮೇಲೆ ಗೋಡೆಯ ಅರ್ಧದಷ್ಟು, ಅಂದರೆ ನೂರಹದಿನೈದರ ಆಸುಪಾಸು ವೋಲ್ಟ್ ನಿಂತಿರುತ್ತದೆ. ಕರೆಂಟು ತೀರಾ ಕಡಿಮೆ, ಆದ್ದರಿಂದ ಜುಮ್ ಅನ್ನುತ್ತದೆ, ಅಷ್ಟೆ. ಆದರೆ ಆ ಜುಮ್ ಒಂದು ಸುದ್ದಿ ಹೇಳುತ್ತಿದೆ: ಇಲ್ಲಿ ಅರ್ಥ್ ಇಲ್ಲ. ನಾಳೆ ಒಳಗೆ ನಿಜವಾಗಿ ತಂತಿ ಕೆಟ್ಟು ಮೈಗೆ ತಾಗಿದರೆ, ಭೂಮಿಗೆ ಇಳಿಯುವ ದಾರಿ ಮುಟ್ಟಿದವರ ದೇಹವೇ.

ಗೋಡೆಯ ಸಾಕೆಟ್ಟನ್ನೂ ಪರೀಕ್ಷಿಸಿದೆ. ಫೇಸಿಗೂ ಅರ್ಥಿಗೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದರೆ ಬಲ್ಬು ಜೋರಾಗಿ ಉರಿಯಬೇಕು. ನಮ್ಮಲ್ಲಿ ಮಂಕಾಗಿ ಉರಿಯಿತು. (ಮಕ್ಕಳೇ, ಇದು ನೀವು ಮಾಡುವ ಕೆಲಸವಲ್ಲ. ಎಲೆಕ್ಟ್ರಿಶಿಯನ್ನರನ್ನೇ ಕರೆಯಬೇಕು.) ಹಿತ್ತಲಿಗೆ ಹೋದರೆ ಉಪ್ಪು ಇದ್ದಿಲು ತುಂಬಿದ ನಮ್ಮ ಅರ್ಥ್ ಗುಂಡಿ ಬೇಸಿಗೆಗೆ ಬಿರುಕುಬಿಟ್ಟು ಒಣಗಿತ್ತು. ಹಿಂದೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹಾಕುತ್ತಿದ್ದೆ. ಮಂಡಿ ನೋವು ಬಂದ ಮೇಲೆ ಅದೂ ನಿಂತಿತ್ತು. ಪುಟ್ಟಿ ನಾಲ್ಕು ಬಿಂದಿಗೆ ನೀರು ಸುರಿದಳು. ಬಲ್ಬು ಬೆಳಗಿತು. ಮರುದಿನ ಮೇನ್ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿದೆ. ವಿದ್ಯುತ್ತು ದಾರಿ ತಪ್ಪಿ ಭೂಮಿಗೆ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಅದು ಲೈನ್ ಕಡಿದುಬಿಡುತ್ತದೆ.

ಸೊಸೆಗೆ ನಡೆದದ್ದೆಲ್ಲ ಹೇಳಿದೆ, ಮುಚ್ಚಿಡಲಿಲ್ಲ. ತಪ್ಪು ಪುಟ್ಟಿಯದಲ್ಲ, ನನ್ನದು ಅಂತಲೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗಳ ಕೈ ಹಿಡಿದುಕೊಂಡು, “ಇನ್ಮೇಲೆ ಜುಮ್ ಅಂದ್ರೆ ಮೊದಲು ನನಗೆ ಹೇಳು. ಮಾರಲ್ಲ” ಅಂದಳು. ಆಮೇಲೆ, “ಮಾವ, ಇದಕ್ಕೆ ಕರೆಂಟ್ ಬಿಲ್ ಎಷ್ಟು ಬರುತ್ತೆ?” ಅಂತ ಕೇಳಿದಳು. ಅದು ನನ್ನ ಪಾಠ. ಜೋರಾಗಿ ಆಡುವಾಗ ಪರದೆಯೂ ಸೇರಿ ಸುಮಾರು 250 ವ್ಯಾಟ್ ಅಂತಿಟ್ಟುಕೊಳ್ಳಿ. ನಾಲ್ಕು ಗಂಟೆ ಆಡಿದರೆ 1000 ವ್ಯಾಟ್-ಗಂಟೆ, ಅಂದರೆ ಒಂದು ಯೂನಿಟ್. ಪುಟ್ಟಿಗೆ ಸಿಕ್ಕ ಅಪ್ಪಣೆ ದಿನಕ್ಕೆ ಒಂದು ಗಂಟೆ. ಹಾಗಾಗಿ ನಾಲ್ಕು ದಿನಕ್ಕೆ ಒಂದು ಯೂನಿಟ್.

ರ‍್ಯಾಮ್ ಜಾಗ ಬದಲಾಯಿತು, ಫ್ಯಾನು ತಿರುಗಿತು, ಪರದೆ 144ಕ್ಕೆ ಬಂತು. ಅಜ್ಜಿಯೇ ಊದುಬತ್ತಿ ಹಚ್ಚಿಕೊಂಡು ಬಂದು ಮುಂದೆ ಹಿಡಿದಳು. ಹೊಗೆ ಸರಸರನೆ ಒಳಗೆ ಹೋಗಿ ಹಿಂದಿನಿಂದ ಹೊರಬಂತು. “ಈಗ ಸರಿಯಾಗಿ ಮಂಗಳಾರತಿ ಆಯ್ತು” ಅಂದಳು. ಅರ್ಧ ಗಂಟೆ ಆಡಿದ ಮೇಲೂ ಪುಟ್ಟಿಯ ಕಾರು ತಡವರಿಸಲಿಲ್ಲ. ಮೊದಲು 88 ಡಿಗ್ರಿ ಮುಟ್ಟುತ್ತಿದ್ದ ಪ್ರೊಸೆಸರಿನ ಬಿಸಿ 74ರಲ್ಲಿ ನಿಂತಿತು. ಕೇಬಲ್‌ಗಳು ಇನ್ನೂ ನೂಡಲ್ಸ್ ಥರವೇ ಇವೆ. ಎದುರುಮನೆಯ ಹುಡುಗ ಹೇಳಿದ್ದರಲ್ಲಿ ಅದು ನಿಜ. ಮುಂದಿನ ಭಾನುವಾರ ಕಟ್ಟುತ್ತಾಳಂತೆ, ಅವನನ್ನೇ ಸಹಾಯಕ್ಕೆ ಕರೆದಿದ್ದಾಳೆ.

ನನ್ನ ವಾರಿಗೆಯ ಅಜ್ಜ ಅಜ್ಜಿಯರಿಗೆ ಒಂದು ಮಾತು. ಮಕ್ಕಳು ಏನನ್ನಾದರೂ ಮಾಡಿ ತಂದು ತೋರಿಸಿದಾಗ ಮೆಚ್ಚಿಕೊಳ್ಳೋಣ, ಖಂಡಿತ. ಅದರ ಜೊತೆಗೆ, “ಎಲ್ಲಿ ಕಷ್ಟ ಆಯ್ತು? ಎಲ್ಲಿ ನಿನಗೇ ಸಮಾಧಾನ ಇಲ್ಲ?” ಅಂತ ಕೇಳೋಣ. ನಾನು ಮೊದಲ ದಿನವೇ ಹಾಗೆ ಕೇಳಿದ್ದರೆ ಆ ಜುಮ್ಮನ್ನು ಅವಳು ಅಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಮಕ್ಕಳೇ, ನೀವೂ ಅಷ್ಟೆ. ಬರೀ “ಹೇಗಿದೆ?” ಅಂತ ಕೇಳಿದರೆ ಬರುವ ಉತ್ತರ “ಚೆನ್ನಾಗಿದೆ”. “ಇದರಲ್ಲಿ ಏನು ಸರಿಯಿಲ್ಲ, ಹೇಗೆ ಸರಿಮಾಡಲಿ?” ಅಂತ, ಗೊತ್ತಿದ್ದವರ ಹತ್ತಿರ ಕೇಳಿ. ದೊಡ್ಡವರು ಸೂಪರ್ ಅಂದರೂ ನಿಮ್ಮ ಕೈಗೆ ಜುಮ್ ಅಂದರೆ ಕೈಯನ್ನು ನಂಬಿ, ಬಾಯಿಬಿಟ್ಟು ಹೇಳಿ.

ಹಳೆಯ ಎಕ್ಸ್‌ಟೆನ್ಷನ್ ಪೆಟ್ಟಿಗೆ ಗುಜರಿಗೆ ಹೋಯಿತು. ಹೊಸದೊಂದನ್ನು, ಈ ಸಲ ಮೂರು ತಂತಿಯದ್ದು, ಜಗುಲಿಯ ಮೇಲೆ ಕೂತು ಮಾಡಿದೆ. ಮುಚ್ಚಳ ಹಾಕುವ ಮುಂಚೆ ಪುಟ್ಟಿಯನ್ನು ಕರೆದೆ. ಅವಳು ಕನ್ನಡಕ ಮೇಲೇರಿಸಿ, ಒಂದೊಂದೇ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದಳು.

“ತಾತ, ಈ ಹಸಿರು ತಂತಿ ಸ್ವಲ್ಪ ಸಡಿಲ. ಇಲ್ಲಿ ನೋಡು.”

ನೋಡಿದೆ. ನಿಜ. ಬಿಚ್ಚಿ ಮತ್ತೆ ಕಟ್ಟಿದೆ.